ಕಾರ್ಬನ್ ಫಿಲ್ಟರ್ ಇದ್ದೂ ನೀರು ಸರಿಯಿಲ್ವಾ? ಲಕ್ಷಣ ಹಿಡಿದು ದೋಷ ಹುಡುಕುವ ಬಗೆ

ಕಕ್ಕಡ ತಿಂಗಳು (ಜುಲೈ, ಆಗಸ್ಟ್‌ನ ಜೋರು ಮಳೆಯ ಕೊಡವ ತಿಂಗಳು) ಬಂತೆಂದರೆ ಮಡಿಕೇರಿಯಲ್ಲಿ ನನಗೆ ಬರುವ ಫೋನುಗಳಲ್ಲಿ ಅರ್ಧ ಒಂದೇ ವಿಷಯಕ್ಕೆ. ಫಿಲ್ಟರ್ ಹಾಕಿ ವರ್ಷ ಆಗಿಲ್ಲ, ಆದರೂ ನೀರು ಬ್ಲೀಚಿಂಗ್ ವಾಸನೆ ಬರುತ್ತಿದೆ, ಏನು ಮಾಡೋದು? ನಾನು ಯಾವ ಕಂಪನಿಯ ಮೆಕ್ಯಾನಿಕ್ಕೂ ಅಲ್ಲ. ನಮ್ಮ ಮನೆ, ಅಕ್ಕನ ಮನೆ, ಭಾವನ ಹೋಂಸ್ಟೇ, ಅಕ್ಕಪಕ್ಕದ ನಾಲ್ಕಾರು ಮನೆ, ಇಷ್ಟು ಕಡೆ ಫಿಲ್ಟರ್ ಬಿಚ್ಚಿ, ತೊಳೆದು, ಜೋಡಿಸಿ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ಮೊದಲು ಕಾಸು ಖರ್ಚಿಲ್ಲದ ಪರೀಕ್ಷೆ, ಆಮೇಲೆ ಕೈ ಹಾಕಬೇಕಾದ ಕೆಲಸ, ಕೊನೆಗೆ ಬೇರೆಯವರನ್ನು ಕರೆಯಬೇಕಾದ ಜಾಗ.

ಶುರು ಮಾಡುವ ಮೊದಲು ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಕಾರ್ಬನ್ ಫಿಲ್ಟರ್ ಕ್ರಿಮಿ ಕೊಲ್ಲುವುದಿಲ್ಲ. ಅದರ ಕೆಲಸ ಕ್ಲೋರಿನ್, ವಾಸನೆ, ಬಣ್ಣ, ಕೆಲವು ರಾಸಾಯನಿಕಗಳನ್ನು ಹಿಡಿಯುವುದು. ಒಳಗಿರುವ ಕಪ್ಪು ಹರಳು ಒಲೆಯ ಇದ್ದಿಲೂ ಅಲ್ಲ. ತೆಂಗಿನ ಚಿಪ್ಪನ್ನೋ ಕಲ್ಲಿದ್ದಲನ್ನೋ ಸುಟ್ಟು, ಸುಮಾರು 800ರಿಂದ 1000 ಡಿಗ್ರಿ ಬಿಸಿಯಲ್ಲಿ ಹಬೆ ಹಾಯಿಸಿ, ಅದರ ಮೈತುಂಬ ಕಣ್ಣಿಗೆ ಕಾಣದ ತೂತು ಮಾಡಿರುತ್ತಾರೆ. ಒಂದು ಗ್ರಾಂ ಕಾರ್ಬನ್ನಿನ ಒಳಮೈಯನ್ನು ಬಿಡಿಸಿ ಹಾಸಿದರೆ 500 ಚದರ ಮೀಟರಿಗೂ ಜಾಸ್ತಿ ಆಗುತ್ತದೆ. ವಾಸನೆ ಕೊಡುವ ಪದಾರ್ಥ ಆ ಗೋಡೆಗಳಿಗೆ ಅಂಟಿಕೊಳ್ಳುತ್ತದೆ. ಗೋಡೆ ತುಂಬಿದ ಮೇಲೆ ಏನೂ ಅಂಟುವುದಿಲ್ಲ, ಅಷ್ಟೇ. ತುಂಬಿದೆ ಅಂತ ಹೇಳಲು ದೀಪವೂ ಇಲ್ಲ, ಗಂಟೆಯೂ ಇಲ್ಲ. ಅದಕ್ಕೇ ಲಕ್ಷಣ ನೋಡಬೇಕಾಗಿರುವುದು.

ಟಿಡಿಎಸ್ ಮೀಟರ್ ಹಿಡಿದು ಕಾರ್ಬನ್ ಪರೀಕ್ಷೆ ಮಾಡುವವರು ತುಂಬ ಜನ ಇದ್ದಾರೆ. ದಯವಿಟ್ಟು ಬಿಡಿ. ಆ ಮೀಟರ್ ಅಳೆಯುವುದು ಕರಗಿದ ಲವಣ, ಕಾರ್ಬನ್ ಲವಣವನ್ನು ಮುಟ್ಟುವುದೇ ಇಲ್ಲ. ಹೊಸ ಕಾರ್ಬನ್ ಹಾಕಿದರೂ ಅಂಕಿ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ಸತ್ತ ಕಾರ್ಬನ್ ಇದ್ದರೂ ಅಷ್ಟೇ.

ಬಿಚ್ಚುವ ಮೊದಲು

ಕರೆಂಟಿನ ಪ್ಯೂರಿಫೈಯರ್ ಆದರೆ ಪ್ಲಗ್ ಕಿತ್ತು ಪಕ್ಕಕ್ಕಿಡಿ, ಸ್ವಿಚ್ ಆರಿಸಿದರೆ ಸಾಲದು. ಒಳಗೆ ಕ್ರಿಮಿ ಕೊಲ್ಲುವ ಯುವಿ ದೀಪ ಇದ್ದರೆ ಉರಿಯುತ್ತಿರುವಾಗ ಬರಿಗಣ್ಣಲ್ಲಿ ನೋಡಬೇಡಿ, ಕಣ್ಣು ಹಾಳಾಗುತ್ತದೆ. ನೀರಿನ ವಾಲ್ವ್ ಮುಚ್ಚಿ. ಮುಂದಿನ ನಲ್ಲಿ ತೆರೆದು ಒಳಗಿನ ಒತ್ತಡ ಬಿಡಿ. ಕೆಳಗೊಂದು ಬಕೆಟ್ ಇಡಿ. ಕೈಯನ್ನು ಸೋಪು ಹಾಕಿ ತೊಳೆದುಕೊಳ್ಳಿ, ಯಾಕಂದರೆ ಕಾರ್ಬನ್ ಆದ ಮೇಲಿನ ನೀರಿನಲ್ಲಿ ಕ್ಲೋರಿನ್ ಇರುವುದಿಲ್ಲ, ನಿಮ್ಮ ಕೈಯ ಕೊಳೆ ಅಲ್ಲಿ ಬೆಳೆಯುತ್ತದೆ.

ಲಕ್ಷಣ: ಬ್ಲೀಚಿಂಗ್ ಪೌಡರ್ ವಾಸನೆ ಹಾಗೇ ಬರುತ್ತಿದೆ

ನಮ್ಮಲ್ಲಿ ಇದನ್ನು ಮೊದಲು ಹಿಡಿಯುವುದು ಬೆಲ್ಲದ ಕಾಫಿ. ಹಾಲು ಹಾಕಿದ ಕಾಫಿಯಲ್ಲಿ ಮುಚ್ಚಿಹೋಗುವ ವಾಸನೆ ಬೆಲ್ಲದ ಕಾಫಿಯಲ್ಲಿ ಮುಚ್ಚುವುದಿಲ್ಲ. ಅಕ್ಕ ಒಂದು ದಿನ ಲೋಟ ಕೆಳಗಿಟ್ಟು "ಆಸ್ಪತ್ರೆ ವಾಸನೆ ಕಣೋ ಇದು" ಅಂದಳು, ಅವಳ ಮನೆಯ ಫಿಲ್ಟರ್ ಸತ್ತದ್ದು ಗೊತ್ತಾದದ್ದೇ ಹಾಗೆ.

ಮಳೆಗಾಲದಲ್ಲಿ ನಮ್ಮೂರಿಗೆ ನೀರು ಕೊಡುವ ಕೂಟುಹೊಳೆಯ ನೀರು ಕೆಂಪಾಗಿ ಬರುತ್ತದೆ. ಕೆಸರು ಜಾಸ್ತಿ ಆದಾಗ ಕ್ಲೋರಿನ್ ಜಾಸ್ತಿ ಬೇಕಾಗುತ್ತದೆ, ಮಣ್ಣು ಎಲೆ ಕೊಳೆತ ನೀರಿಗೆ ಕ್ಲೋರಿನ್ ಸೇರಿದಾಗ ವಾಸನೆಯೂ ಗಾಢವಾಗುತ್ತದೆ. ಆದ್ದರಿಂದ ವಾಸನೆ ಬಂದ ಕೂಡಲೇ ನೀರು ಕೆಟ್ಟಿದೆ ಅಂದುಕೊಳ್ಳಬೇಡಿ. ನಲ್ಲಿ ನೀರಿನಲ್ಲಿ ಸ್ವಲ್ಪ ಕ್ಲೋರಿನ್ ಇರಲೇಬೇಕು. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಹೇಳುವುದು ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ. ಆ ವಾಸನೆ ಫಿಲ್ಟರ್ ದಾಟಿ ಲೋಟಕ್ಕೆ ಬರುತ್ತಿದ್ದರೆ ಮಾತ್ರ ನಮ್ಮ ತನಿಖೆ ಶುರು.

ಖರ್ಚಿಲ್ಲದ ಪರೀಕ್ಷೆ ಮೂಗಿನದು. ಎರಡು ಬಾಟಲಿ ತಗೊಳ್ಳಿ. ಒಂದಕ್ಕೆ ಫಿಲ್ಟರಿಗೆ ಮೊದಲಿನ ನೀರು, ಇನ್ನೊಂದಕ್ಕೆ ಫಿಲ್ಟರ್ ಆದ ನೀರು, ಎರಡಕ್ಕೂ ಅರ್ಧದಷ್ಟೇ ತುಂಬಿ, ಮುಚ್ಚಿ, ಜೋರಾಗಿ ಅಲ್ಲಾಡಿಸಿ, ತೆರೆದ ಕೂಡಲೇ ಮೂಸಿ ನೋಡಿ. ಚಳಿಯ ದಿನ ಆದರೆ ಬಾಟಲಿಯನ್ನು ಸ್ವಲ್ಪ ಹೊತ್ತು ಬಿಸಿನೀರಿನ ಪಾತ್ರೆಯಲ್ಲಿಡಿ, ತಣ್ಣೀರಿನಲ್ಲಿ ವಾಸನೆ ಗೊತ್ತಾಗುವುದಿಲ್ಲ.

ಮೂಗನ್ನು ನಂಬಲಾರೆ ಅನ್ನುವವರಿಗೆ ಕ್ಲೋರಿನ್ ಪರೀಕ್ಷೆಯ ಹನಿ ಸಿಗುತ್ತದೆ. ನೀರಿಗೆ ನಾಲ್ಕೈದು ಹನಿ ಬಿಟ್ಟರೆ ಕ್ಲೋರಿನ್ ಇದ್ದಷ್ಟು ಹಳದಿಯಾಗುತ್ತದೆ. ವಾಟರ್‌ಮನ್‌ಗಳ ಕೈಯಲ್ಲಿ ಇರುವ ಪೆಟ್ಟಿಗೆಯೂ ಇದೇ ತರದ್ದು. ಆ ಹನಿ ವಿಷ. ಪರೀಕ್ಷೆ ಮಾಡಿದ ನೀರನ್ನು ಚೆಲ್ಲಿ, ಲೋಟ ಬೇರೆ ಇಟ್ಟುಕೊಳ್ಳಿ, ಮಕ್ಕಳ ಕೈಗೆ ಸಿಗದ ಹಾಗೆ ಬಾಟಲಿ ಇಡಿ.

ಈಗ ಫಲಿತಾಂಶ ಓದುವುದು ಹೇಗೆ ಅಂದರೆ, ಮೊದಲಿನ ನೀರು ಹಳದಿ, ಆಮೇಲಿನದ್ದು ಬಿಳಿ ಇದ್ದರೆ ಕಾರ್ಬನ್ ಚೆನ್ನಾಗಿದೆ. ಎರಡೂ ಹಳದಿ ಬಂದರೆ ಕಾರ್ಬನ್ ಮುಗಿದಿದೆ ಅಂತ ಕೂಡಲೇ ತೀರ್ಮಾನ ಮಾಡಬೇಡಿ, ಇನ್ನೊಂದು ಕೆಲಸ ಇದೆ. ಎರಡೂ ಬಿಳಿ ಬಂದರೆ ಪರೀಕ್ಷೆ ಕಾರ್ಬನ್ ಬಗ್ಗೆ ಏನನ್ನೂ ಹೇಳಿಲ್ಲ, ಬರುವ ನೀರಿನಲ್ಲೇ ಕ್ಲೋರಿನ್ ಇಲ್ಲ. ಟ್ಯಾಂಕಿನಲ್ಲಿ ಎರಡು ದಿನ ನಿಂತ ನೀರಾದರೆ ಕ್ಲೋರಿನ್ ಆರಿಹೋಗಿರುತ್ತದೆ, ಆದ್ದರಿಂದ ರಸ್ತೆ ಲೈನಿನಿಂದ ನೇರ ಬರುವ ನಲ್ಲಿಯಲ್ಲಿ ಇನ್ನೊಮ್ಮೆ ಹಿಡಿದು ನೋಡಿ. ಅಲ್ಲೂ ಇಲ್ಲ ಅಂದರೆ ಅದು ಫಿಲ್ಟರಿನ ಸಮಸ್ಯೆ ಅಲ್ಲ, ನಗರಸಭೆಗೋ ಪಂಚಾಯಿತಿಗೋ ಹೇಳಬೇಕಾದ ಸಮಸ್ಯೆ. ಅಲ್ಲಿಯವರೆಗೆ ಕುದಿಸಿ ಕುಡಿಯಿರಿ.

ಎರಡೂ ಹಳದಿ ಬಂದವರು ಹೀಗೆ ಮಾಡಿ. ಫಿಲ್ಟರಿನ ನಲ್ಲಿಯನ್ನು ಅರ್ಧಕ್ಕಿಂತ ಕಡಿಮೆ ತಿರುಗಿಸಿ, ಸಣ್ಣ ಧಾರೆ ಬಿಟ್ಟು, ಎರಡು ನಿಮಿಷ ಆದ ಮೇಲೆ ಮತ್ತೆ ಪರೀಕ್ಷೆ ಮಾಡಿ. ಹಳದಿ ಹೋಯಿತಾ? ಹಾಗಾದರೆ ಕಾರ್ಬನ್ ಇನ್ನೂ ಬದುಕಿದೆ, ನೀರು ಮಾತ್ರ ಅದರ ಮೂಲಕ ಓಡಿ ಹೋಗುತ್ತಿತ್ತು. ಕಾರ್ಬನ್ನಿಗೆ ಹಿಡಿಯಲು ಹೊತ್ತು ಬೇಕು. ಧಾರೆ ಸಣ್ಣದಾಗಿಯೇ ಇಟ್ಟುಕೊಳ್ಳಿ, ಹೊಸ ಕಾರ್ಟ್ರಿಜ್‌ಗೆ (ಕಾರ್ಬನ್ ತುಂಬಿದ, ಬದಲಿಸಬಹುದಾದ ಕೊಳವೆ) ಹಣ ಹೊಂದಿಸಿಕೊಳ್ಳಿ, ಅವಸರ ಇಲ್ಲ.

ಹಳದಿ ಹೋಗಲಿಲ್ಲ ಅಂದರೂ ಅಂಗಡಿಗೆ ಹೋಗುವ ಮೊದಲು ಕಾರ್ಟ್ರಿಜ್ ಕೂರುವ ಪ್ಲಾಸ್ಟಿಕ್ ಬೌಲ್ ಬಿಚ್ಚಿ. ಕಾರ್ಟ್ರಿಜ್‌ನ ಎರಡೂ ತುದಿಯಲ್ಲಿ ರಬ್ಬರ್ ವಾಷರ್ ಇರುತ್ತದೆ. ಅದು ಮಡಚಿದ್ದರೆ, ಇಲ್ಲದಿದ್ದರೆ, ಅಥವಾ ಕಾರ್ಟ್ರಿಜ್ ಅರ್ಧ ಬೆರಳಿನಷ್ಟು ಗಿಡ್ಡ ಇದ್ದರೆ ನೀರು ಕಾರ್ಬನ್ನಿನ ಒಳಗೆ ಹೋಗದೆ ಪಕ್ಕದಿಂದ ಸುಮ್ನೆ ಹಾದು ಹೋಗುತ್ತದೆ. ನಮ್ಮ ಮನೆಯಲ್ಲಿ ಇದೇ ಆಗಿತ್ತು. ಒಂದೇ ವರ್ಷದಲ್ಲಿ ಮೂರು ಕಾರ್ಟ್ರಿಜ್ ಬದಲಿಸಿದ್ದೆ, ಪ್ರತಿ ಸಲ ವಾಸನೆ ಮರುದಿನವೇ ವಾಪಸ್. ಮೂರನೆಯದನ್ನು ತೆಗೆದು ಬೆಳಕಿಗೆ ಹಿಡಿದಾಗ ಕಂಡಿತು, ಮೇಲಿನ ವಾಷರ್ ಒಂದು ಕಡೆ ಉಗುರಿನಷ್ಟು ಹರಿದಿತ್ತು, ಆ ಜಾಗದಲ್ಲಿ ಮಾತ್ರ ಪ್ಲಾಸ್ಟಿಕ್ಕಿನ ಮೇಲೆ ನೀರು ಹರಿದ ಕಂದು ಗೆರೆ. ಹತ್ತಿಪ್ಪತ್ತು ರೂಪಾಯಿಯ ವಾಷರ್ ಹಾಕಿದ ಮೇಲೆ ನೀರು ಸರಿಹೋಯಿತು.

ವಾಷರೂ ಸರಿ, ಸಣ್ಣ ಧಾರೆಯಲ್ಲೂ ಹಳದಿ, ಅಂದರೆ ಕಾರ್ಬನ್ ಮುಗಿದಿದೆ. ಬದಲಿಸಿ. ಬಿಸಿಲಿಗೆ ಒಣಗಿಸುವುದು, ಕುದಿಸುವುದು, ಉಪ್ಪು ನೀರಿನಲ್ಲಿ ನೆನೆಸುವುದು, ಇದ್ಯಾವುದೂ ಕೆಲಸಕ್ಕೆ ಬರುವುದಿಲ್ಲ. ಮತ್ತೆ ಜೀವ ಕೊಡಬೇಕಾದರೆ ಕಾರ್ಖಾನೆಯ ಕುಲುಮೆ ಬೇಕು. ಹೊಸದು ಹಾಕಿದ ದಿನವನ್ನು ಮಾರ್ಕರಿನಲ್ಲಿ ಬೌಲಿನ ಮೇಲೆಯೇ ಬರೆದಿಡಿ. ಸಾಮಾನ್ಯ ಮನೆಗೆ ಆರು ತಿಂಗಳು ಒಂದು ಅಂದಾಜು, ಪ್ಯಾಕೆಟ್ ಮೇಲೆ ಇಷ್ಟು ಲೀಟರ್ ಅಂತ ಬರೆದಿದ್ದರೆ ಎರಡರಲ್ಲಿ ಯಾವುದು ಮೊದಲು ಬರುತ್ತದೋ ಅದು.

ಆರ್‌ಒ ಇರುವವರು ಇದನ್ನು ತಡ ಮಾಡಲೇಬೇಡಿ. ಆರ್‌ಒದಲ್ಲಿ ಲವಣ ತಡೆಯುವ ತೆಳು ಪೊರೆಗೆ, ಅಂದರೆ ಮೆಂಬ್ರೇನಿಗೆ, ಕ್ಲೋರಿನ್ ಆಗುವುದಿಲ್ಲ. ಮುಂದಿರುವ ಕಾರ್ಬನ್ ಸತ್ತರೆ ಸ್ವಲ್ಪ ದಿನದಲ್ಲಿ ಮೆಂಬ್ರೇನೂ ಹೋಗುತ್ತದೆ, ಅದರ ಬೆಲೆ ಎಷ್ಟು ಅಂತ ನಿಮಗೇ ಗೊತ್ತು.

ಲಕ್ಷಣ: ನೀರು ಸಣ್ಣಗೆ ಬರುತ್ತಿದೆ

ಮೊದಲು ಟ್ಯಾಂಕಿನಲ್ಲಿ ನೀರಿದೆಯಾ ನೋಡಿ. ವಾಲ್ವ್ ಪೂರ್ತಿ ತೆರೆದಿದೆಯಾ, ಪೈಪ್ ಎಲ್ಲಾದರೂ ಮಡಚಿದೆಯಾ, ಪಕ್ಕದ ಸಿಂಕಿನ ನಲ್ಲಿಯೂ ಸಣ್ಣಗೆ ಬರುತ್ತಿದೆಯಾ. ಸಿಂಕಿನಲ್ಲೂ ಸಣ್ಣಗಿದ್ದರೆ ಫಿಲ್ಟರನ್ನು ಬಿಟ್ಟುಬಿಡಿ. ನೀರಿನ ಎತ್ತರ 10 ಮೀಟರ್ ಇದ್ದರೆ ಒತ್ತಡ ಸುಮಾರು 1 ಬಾರ್. ಸೂರಿನ ಮೇಲೆ, ಫಿಲ್ಟರಿಗಿಂತ ಮೂರು ಮೀಟರ್ ಎತ್ತರದಲ್ಲಿ ಟ್ಯಾಂಕ್ ಇಟ್ಟರೆ ಸಿಗುವುದು ಬರೀ 0.3 ಬಾರ್, ಅದಕ್ಕೆ ಮೂರು ಕಾರ್ಟ್ರಿಜ್ ದಾಟುವ ತಾಕತ್ತು ಇರುವುದಿಲ್ಲ.

ಸಿಂಕಿನಲ್ಲಿ ಜೋರಾಗಿ ಬಂದು ಫಿಲ್ಟರಿನಲ್ಲಿ ಮಾತ್ರ ಸಣ್ಣಗಿದ್ದರೆ, ಹತ್ತರಲ್ಲಿ ಒಂಬತ್ತು ಸಲ ನಾನು ಕಂಡದ್ದು ಹೊರಗಿನ ಬಿಳಿ ಸ್ಪನ್ ಕಾರ್ಟ್ರಿಜ್ ಕಟ್ಟಿಕೊಂಡಿರುವುದು. ಕಾರ್ಬನ್ನಿಗೆ ಮೊದಲು ಮಣ್ಣು ತಡೆಯಲು ಹಾಕುವ ದಪ್ಪ ನೂಲಿನ ಉಂಡೆಯಂಥದ್ದು. ಬೇಸಿಗೆಯಲ್ಲಿ ಎರಡು ಮೂರು ತಿಂಗಳು ಬಾಳುವ ಇದು ಆಷಾಢದ ಮಳೆಯಲ್ಲಿ ಮೂರ್ನಾಲ್ಕು ವಾರಕ್ಕೇ ಕೆಂಪಾಗುತ್ತದೆ. ಬೌಲ್ ತೆಗೆದಾಗ ಬಿಳಿ ಅನ್ನುವುದೇ ಇರುವುದಿಲ್ಲ, ಮೇಲೆಲ್ಲ ನಮ್ಮ ಗದ್ದೆ ಬದುವಿನ ಮಣ್ಣಿನ ಬಣ್ಣ, ಬೆರಳಾಡಿಸಿದರೆ ಲೋಳೆ, ಚಾಕುವಿನಿಂದ ಅಡ್ಡ ಕೊಯ್ದರೆ ಕೆಂಪು ಒಳಗಿನ ತನಕ ಇಳಿದಿರುವುದು ಕಾಣುತ್ತದೆ. ಕೊಯ್ದು ನೋಡಿ ಅನ್ನುವುದು ಇದಕ್ಕೇ. ಮೇಲೆ ಮಾತ್ರ ಕೆಂಪಿದ್ದು ಒಳಗೆ ಬಿಳಿ ಇದ್ದರೆ ಅದು ತನ್ನ ಕೆಲಸ ಮಾಡಿದೆ. ಒಳಗಿನ ತನಕ ಕೆಂಪಾಗಿದ್ದರೆ ಕೆಸರು ಆಗಲೇ ಕಾರ್ಬನ್ನಿಗೂ ಹೋಗಿದೆ. ತೂತುಗಳ ಬಾಯಿಗೆ ಮಣ್ಣು ಮೆತ್ತಿದರೆ ಕಾರ್ಬನ್ ಒಳಗೆ ಎಷ್ಟು ಖಾಲಿ ಇದ್ದರೂ ಉಪಯೋಗ ಇಲ್ಲ. ನಾನು ಕಂಡ ಮಟ್ಟಿಗೆ ಕೊಡಗಿನಲ್ಲಿ ಹೆಚ್ಚಿನ ಕಾರ್ಬನ್ ಸಾಯುವುದು ಕ್ಲೋರಿನ್ ತಿಂದು ಅಲ್ಲ, ಮಣ್ಣು ಮೆತ್ತಿ. ಅದಕ್ಕೇ ನಾನು ಎಲ್ಲರಿಗೂ ಹೇಳುವುದು, ಮಳೆಗಾಲದ ನಾಲ್ಕು ತಿಂಗಳಿಗೆ ನಾಲ್ಕು ಸ್ಪನ್ ಕಾರ್ಟ್ರಿಜ್ ಮೊದಲೇ ತಂದಿಡಿ, ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬ ಮುಗಿಯುವವರೆಗೆ ತಿಂಗಳಿಗೊಂದು. ಕಾರ್ಬನ್ ಉಳಿದರೆ ಅದರ ಖರ್ಚು ತಾನೇ ವಾಪಸ್ ಬರುತ್ತದೆ.

ಯಾವುದು ಕಟ್ಟಿದೆ ಅಂತ ಗೊತ್ತಾಗದಿದ್ದರೆ ಒಂದೊಂದೇ ಕಾರ್ಟ್ರಿಜ್ ತೆಗೆದು, ಖಾಲಿ ಬೌಲನ್ನೇ ಬಿಗಿದು ನೀರು ಬಿಟ್ಟು ನೋಡಿ. ಯಾವುದನ್ನು ತೆಗೆದಾಗ ನೀರು ಜೋರಾಯಿತೋ ಅದೇ ಕಳ್ಳ. ಹೀಗೆ ನೋಡುವಾಗ ಬಂದ ನೀರನ್ನು ಗಿಡಕ್ಕೆ ಹಾಕಿ, ಕುಡಿಯಬೇಡಿ. ಆರ್‌ಒ ಇದ್ದರೆ ಅದರ ಪೈಪನ್ನು ಮೊದಲು ಬಿಚ್ಚಿಕೊಳ್ಳಿ, ಕೆಸರು ನೇರ ಮೆಂಬ್ರೇನಿಗೆ ಹೋಗಬಾರದು.

ಲಕ್ಷಣ: ಕಪ್ಪು ನೀರು, ಕಪ್ಪು ಕಣ

ಹೊಸ ಕಾರ್ಟ್ರಿಜ್ ಹಾಕಿದ ದಿನ ಕಪ್ಪು ನೀರು ಬಂದರೆ ಗಾಬರಿ ಬೇಡ. ಅದು ಕಾರ್ಬನ್ನಿನ ಹುಡಿ. ಹತ್ತು ಹದಿನೈದು ನಿಮಿಷ ನೀರು ಬಿಟ್ಟು ಚೆಲ್ಲಿ. ಬಿಳಿ ಬಟ್ಟೆಯಲ್ಲಿ ಒಂದು ಲೋಟ ಸೋಸಿ, ಬಟ್ಟೆ ಬಿಳಿಯಾಗಿ ಉಳಿಯುವವರೆಗೆ.

ಹಳೆಯ ಕಾರ್ಟ್ರಿಜ್‌ನಲ್ಲಿ ಇದ್ದಕ್ಕಿದ್ದಂತೆ ಕಪ್ಪು ಬಂದರೆ ಒಳಗಿನ ಬಲೆ ಹರಿದಿದೆ, ಇಲ್ಲವೇ ಒತ್ತಿ ಗಟ್ಟಿ ಮಾಡಿದ ಕಾರ್ಬನ್ ಬ್ಲಾಕ್ ಬಿರುಕು ಬಿಟ್ಟಿದೆ. ಯಾರಾದರೂ ಒಳಬರುವ, ಹೊರಹೋಗುವ ಪೈಪನ್ನು ಅದಲು ಬದಲು ಜೋಡಿಸಿದರೂ ಹೀಗಾಗಬಹುದು, ಬೌಲ್ ಸಿಕ್ಕಿಸುವ ಫಿಲ್ಟರ್ ತಲೆಯ ಮೇಲಿನ ಬಾಣದ ಗುರುತು ನೋಡಿ. ಬಿರುಕು ಬಿಟ್ಟದ್ದನ್ನು ಬದಲಿಸುವುದೇ ದಾರಿ. ಹುಡಿ ಹೊಟ್ಟೆಗೆ ಹೋದರೆ ವಿಷ ಅಲ್ಲ, ಆದರೆ ಹುಡಿ ದಾಟಿದ ಕಡೆ ನೀರೂ ಶುದ್ಧವಾಗದೆ ದಾಟುತ್ತಿದೆ.

ಬೋರ್‌ವೆಲ್ ನೀರು ಬಳಸುವವರು ಇನ್ನೊಂದು ನೋಡಬೇಕು. ಕಪ್ಪನ್ನು ಬೆರಳಿನಲ್ಲಿ ಉಜ್ಜಿ. ಮರಳಿನ ಹಾಗೆ ಗರಗರ ಅಂದರೆ ಕಾರ್ಬನ್. ಮಸಿಯ ಹಾಗೆ ಮೆತ್ತಿಕೊಂಡು ಜಾರಿದರೆ ಮ್ಯಾಂಗನೀಸ್ ಇರಬಹುದು, ಇಲ್ಲವೇ ಪೈಪಿನಲ್ಲಿ ಬೆಳೆದ ಲೋಳೆ. ಅದಕ್ಕೆ ಕಾರ್ಬನ್ ಬದಲಿಸಿ ಪ್ರಯೋಜನ ಇಲ್ಲ, ನೀರನ್ನು ಪ್ರಯೋಗಾಲಯಕ್ಕೆ ಕೊಡಬೇಕು.

ಹಾಲಿನ ಹಾಗೆ ಬೆಳ್ಳಗೆ ಬರುವುದು ಬೇರೆ. ಲೋಟವನ್ನು ಮೇಜಿನ ಮೇಲಿಟ್ಟು ನೋಡಿ. ಕೆಳಗಿನಿಂದ ಮೇಲಕ್ಕೆ ತಿಳಿಯಾಗುತ್ತಾ ಹೋದರೆ ಬರೀ ಗಾಳಿಗುಳ್ಳೆ, ತಾನೇ ನಿಲ್ಲುತ್ತದೆ.

ಲಕ್ಷಣ: ಮಣ್ಣಿನ ವಾಸನೆ

ಹೂಮಳೆ ಬಿದ್ದಾಗ ಕಾಫಿ ತೋಟದಿಂದ ಏಳುವ ಘಮ ಎಲ್ಲರಿಗೂ ಇಷ್ಟ. ಅದೇ ಘಮ ನೀರಿನ ಲೋಟದಲ್ಲಿ ಬಂದರೆ ಯಾರೂ ಕುಡಿಯುವುದಿಲ್ಲ. ಎರಡಕ್ಕೂ ಮುಖ್ಯ ಕಾರಣ ಒಂದೇ, ಜಿಯೋಸ್ಮಿನ್ ಅನ್ನುವ ಪದಾರ್ಥ. ಮಣ್ಣಿನ ಸೂಕ್ಷ್ಮಜೀವಿಗಳೂ ನಿಂತ ನೀರಿನ ಪಾಚಿಯೂ ಇದನ್ನು ಮಾಡುತ್ತವೆ. ಒಂದು ಗ್ರಾಮನ್ನು ನೂರು ಕೋಟಿ ಪಾಲು ಮಾಡಿ ಅದರಲ್ಲಿ ಹತ್ತು ಪಾಲು ಒಂದು ಲೀಟರ್ ನೀರಿಗೆ ಬಿದ್ದರೆ ಸಾಕು, ನಮ್ಮ ಮೂಗಿಗೆ ಗೊತ್ತಾಗಿಬಿಡುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ಹೊಳೆ ಬತ್ತಿ ನೀರು ನಿಂತಾಗ ಇದು ಜಾಸ್ತಿ.

ಮೊದಲು ನಿಮ್ಮ ಟ್ಯಾಂಕಿನ ಮುಚ್ಚಳ ತೆಗೆದು ನೋಡಿ. ಮುಚ್ಚಳ ಒಡೆದು ಬಿಸಿಲು ಬಿದ್ದು ಪಾಚಿ ಕಟ್ಟಿದ್ದರೆ ತೊಳೆದರೆ ಮುಗಿಯಿತು. ಟ್ಯಾಂಕ್ ಚೆನ್ನಾಗಿದ್ದರೆ ಮೇಲೆ ಹೇಳಿದ ಸಣ್ಣ ಧಾರೆಯ ಉಪಾಯ ಮಾಡಿ, ಈ ವಾಸನೆಯನ್ನು ಹಿಡಿಯಲು ಕಾರ್ಬನ್ನಿಗೆ ಕ್ಲೋರಿನ್‌ಗಿಂತ ಹೆಚ್ಚು ಹೊತ್ತು ಬೇಕು. ಕ್ಲೋರಿನ್ ಹಿಡಿಯುತ್ತಿರುವ ಕಾರ್ಬನ್ ಕೂಡ ಮಣ್ಣಿನ ವಾಸನೆಯಲ್ಲಿ ಸೋತಿರಬಹುದು. ಆರೋಗ್ಯಕ್ಕೆ ಈ ವಾಸನೆಯಿಂದ ತೊಂದರೆ ಇಲ್ಲ.

ತೋಟದ ಪಕ್ಕದ ತೋಡು, ಬಾವಿಯ ನೀರು ಬಳಸುವವರಿಗೆ ಮಾತ್ರ ಎಚ್ಚರಿಕೆ. ಕಾಫಿ ಕೊಯ್ದು ಪಲ್ಪಿಂಗ್ ಮಾಡುವ (ಹಣ್ಣಿನ ಸಿಪ್ಪೆ ಸುಲಿದು ತೊಳೆಯುವ) ತಿಂಗಳುಗಳಲ್ಲಿ ನೀರು ಕಂದಾಗಿ ಹುಳಿ ವಾಸನೆ ಬಂದರೆ ಅದು ಜಿಯೋಸ್ಮಿನ್ ಅಲ್ಲ, ಪಲ್ಪಿಂಗ್ ನೀರು ಸೇರಿರಬಹುದು. ಅಂಥ ನೀರಿನಲ್ಲಿ ಕರಗಿದ ಕೊಳೆ ಎಷ್ಟಿರುತ್ತದೆ ಅಂದರೆ ಹೊಸ ಕಾರ್ಬನ್ ಕೂಡ ಬೇಗ ತುಂಬಿಹೋಗುತ್ತದೆ. ಆ ನೀರನ್ನು ಫಿಲ್ಟರಿಗೆ ಬಿಡಲೇಬೇಡಿ. ಬೋರ್ಡೋ ದ್ರಾವಣ ಹೊಡೆಯುವ ಸಮಯದಲ್ಲಿ ಬಾವಿ ನೀರಿಗೆ ನೀಲಿ ಹಸಿರು ಛಾಯೆ ಕಂಡರೂ ಅಷ್ಟೇ, ಆ ದ್ರಾವಣದಲ್ಲಿರುವ ಮೈಲುತುತ್ತ ಸೇರಿದ ನೀರನ್ನು ಕಾರ್ಬನ್ ನಂಬಿ ಕುಡಿಯಬಾರದು, ಕುದಿಸಿದರೂ ಅದು ಹೋಗುವುದಿಲ್ಲ.

ಲಕ್ಷಣ: ಕೊಳೆತ ಮೊಟ್ಟೆಯ ವಾಸನೆ

ಮದುವೆಗೋ ಹುತ್ತರಿಗೋ ಊರಿಗೆ ಹೋಗಿ ವಾರ ಬಿಟ್ಟು ಬಂದು ನಲ್ಲಿ ತಿರುಗಿಸಿದಾಗ ಬರುವ ವಾಸನೆ ಇದು. ಕಾರ್ಬನ್ ಕ್ಲೋರಿನ್ನನ್ನು ತೆಗೆದುಬಿಟ್ಟಿರುತ್ತದೆ, ಹಿಡಿದಿಟ್ಟ ಕೊಳೆಯೇ ಊಟ, ನೀರು ನಿಂತಿದೆ, ಬ್ಯಾಕ್ಟೀರಿಯಾಕ್ಕೆ ಇದಕ್ಕಿಂತ ಒಳ್ಳೆಯ ಮನೆ ಸಿಗುತ್ತದಾ? ಐದು ನಿಮಿಷ ನೀರು ಬಿಟ್ಟು ಚೆಲ್ಲಿ. ವಾಸನೆ ಪೂರ್ತಿ ಹೋದರೆ ಅವತ್ತು ಕುದಿಸಿ ಕುಡಿಯಿರಿ. ಮರುದಿನ ಬೆಳಿಗ್ಗೆ ಮತ್ತೆ ಬಂದರೆ ಕಾರ್ಟ್ರಿಜ್ ಎಸೆದು, ಬೌಲನ್ನು ಸೋಪು, ಬ್ಲೀಚಿಂಗ್ ನೀರಿನಿಂದ ತೊಳೆದು, ಚೆನ್ನಾಗಿ ಜಾಲಾಡಿಸಿ ಹೊಸದು ಹಾಕಿ. ಬ್ಲೀಚಿಂಗ್ ಜೊತೆ ಬಾತ್‌ರೂಮಿನ ಆಸಿಡ್ ಯಾವತ್ತೂ ಸೇರಿಸಬೇಡಿ, ಏಳುವ ಗಾಳಿ ಶ್ವಾಸಕೋಶವನ್ನೇ ಸುಡುತ್ತದೆ.

ಫಿಲ್ಟರಿಗೆ ಮೊದಲಿನ ನೀರಿನಲ್ಲೂ ಅದೇ ವಾಸನೆ ಇದ್ದರೆ ತಪ್ಪು ಬಾವಿಯಲ್ಲೋ ಟ್ಯಾಂಕಿನಲ್ಲೋ ಇದೆ. ಬಿಸಿನೀರಿನ ನಲ್ಲಿಯಲ್ಲಿ ಮಾತ್ರ ಇದ್ದರೆ ಗೀಸರ್ ನೋಡಿಸಿ. ಹಾಗೆಯೇ ಬಿಸಿನೀರಿನ ಲೈನನ್ನು ಕಾರ್ಬನ್ನಿಗೆ ಕೊಡಬೇಡಿ, ಹಿಡಿದದ್ದನ್ನೆಲ್ಲ ಅದು ಬಿಡತೊಡಗುತ್ತದೆ.

ಲಕ್ಷಣ: ಕಬ್ಬಿಣದ ರುಚಿ, ಕಪ್ಪಾಗುವ ಚಹಾ

ಹಾಲು ಹಾಕದ ಚಹಾ ಡಿಕಾಕ್ಷನ್‌ಗೆ ನಿಮ್ಮ ನೀರು ಬೆರೆಸಿ ಇಡಿ. ಕೆಂಪು ಹೋಗಿ ಮಸಿಯ ಹಾಗೆ ಕಪ್ಪಾದರೆ ನೀರಿನಲ್ಲಿ ಕಬ್ಬಿಣದ ಅಂಶ ಇದೆ. ಚಹಾದ ಒಗರು ಕಬ್ಬಿಣದ ಜೊತೆ ಸೇರಿದಾಗ ಹೀಗಾಗುತ್ತದೆ. ಬೋರ್‌ವೆಲ್ ನೀರು ಹಿಡಿದಾಗ ತಿಳಿಯಾಗಿದ್ದು, ಬಕೆಟ್ಟಿನಲ್ಲಿ ರಾತ್ರಿ ಕಳೆದು ಬೆಳಿಗ್ಗೆ ಕೆಂಪಾದರೂ ಅದೇ ಅರ್ಥ. ಕಾರ್ಬನ್ ಇದನ್ನು ತೆಗೆಯುವುದಿಲ್ಲ, ಬದಲಿಗೆ ಕಬ್ಬಿಣವೇ ಕಾರ್ಬನ್ನನ್ನು ಮುಚ್ಚುತ್ತದೆ. ನೀರನ್ನು ಮೇಲಿನಿಂದ ಚಿಮ್ಮಿಸಿ ಗಾಳಿ ತಾಗಿಸಿ, ಮರಳಿನ ಹಾಸಿನಲ್ಲಿ ಸೋಸಿ, ಆಮೇಲೆ ಕಾರ್ಬನ್ನಿಗೆ ಕೊಡಬೇಕು. ಬರೀ ಬೆಳಗಿನ ಮೊದಲ ಲೋಟದಲ್ಲಿ ಈ ರುಚಿ ಇದ್ದರೆ ಹಳೆಯ ಜಿಐ ಪೈಪಿನ ತುಕ್ಕು, ಅರ್ಧ ಬಕೆಟ್ ನೀರು ಬೇರೆಡೆ ಬಳಸಿ ಆಮೇಲೆ ಹಿಡಿಯಿರಿ.

ಲಕ್ಷಣ: ಬೌಲ್ ಸೋರುತ್ತಿದೆ

ಇನ್ನೂ ಬಿಗಿ ಮಾಡಬೇಡಿ, ಬಿಚ್ಚಿ. ಬೌಲಿನ ಬಾಯಲ್ಲಿರುವ ರಬ್ಬರ್ ಬಳೆ, ಅಂದರೆ ಓ-ರಿಂಗ್ ತೆಗೆದು ಒರೆಸಿ, ಅದು ಕೂರುವ ಕೊರೆದ ಸಾಲಿನಲ್ಲಿ ಮರಳಿನ ಒಂದು ಕಣ ಇದ್ದರೂ ಸೋರುತ್ತದೆ. ಸವರಲು ಕುಡಿಯುವ ನೀರಿಗೆ ಆಗುವ ಸಿಲಿಕೋನ್ ಗ್ರೀಸ್ ಬಳಸಿ. ವ್ಯಾಸಲಿನ್ ಕೆಲವು ರಬ್ಬರನ್ನು ಊದಿಸಿ ಹಾಳು ಮಾಡುತ್ತದೆ. ಕೈಯಿಂದ ಬಿಗಿದು, ಸ್ಪ್ಯಾನರಿನಲ್ಲಿ ಕಾಲು ಸುತ್ತು ಸಾಕು.

ಬೌಲೇ ಬಿರುಕು ಬಿಟ್ಟರೆ ಅಂಟು ಹಾಕಬೇಡಿ. ಮಡಿಕೇರಿಯಂಥ ಇಳಿಜಾರು ಊರಿನಲ್ಲಿ ಊರಿನ ಟ್ಯಾಂಕಿಗಿಂತ 60 ಮೀಟರ್ ಕೆಳಗಿರುವ ಮನೆಗೆ ನೀರು ನಿಂತಾಗ 6 ಬಾರ್ ಒತ್ತಡ ಬೀಳುತ್ತದೆ. ಎರಡನೆಯ ಸಲ ಬೌಲ್ ಒಡೆದರೆ ಪ್ಲಂಬರ್ ಕರೆದು ಒತ್ತಡ ಇಳಿಸುವ ವಾಲ್ವ್ ಹಾಕಿಸಿ.

ಹೋಂಸ್ಟೇಯ ದೊಡ್ಡ ಸಿಲಿಂಡರ್

ಕಾರ್ಬನ್ ತುಂಬಿದ ಈ ಸಿಲಿಂಡರುಗಳಲ್ಲಿ ಮೇಲಿನ ವಾಲ್ವ್ ತಿರುಗಿಸಿ ನೀರನ್ನು ಉಲ್ಟಾ ಹರಿಸಿ ತೊಳೆಯಬಹುದು. ಕಪ್ಪು ಕೆಸರು ಹೋಗಿ ತಿಳಿ ನೀರು ಬರುವವರೆಗೆ ಬಿಡಿ. ಬ್ಯಾಕ್‌ವಾಶ್ ಮಣ್ಣನ್ನು ತೆಗೆಯುತ್ತದೆ ಅಷ್ಟೇ, ತುಂಬಿದ ಕಾರ್ಬನ್ನನ್ನು ಖಾಲಿ ಮಾಡುವುದಿಲ್ಲ. ತೊಳೆದ ಮೇಲೂ ಕ್ಲೋರಿನ್ ದಾಟುತ್ತಿದ್ದರೆ ಒಳಗಿನ ಕಾರ್ಬನ್ನನ್ನೇ ಬದಲಿಸಬೇಕು.

ಮನುಷ್ಯ ಒಳಗೆ ಇಳಿಯುವಷ್ಟು ದೊಡ್ಡ ತೊಟ್ಟಿ ಆದರೆ ಯಾರನ್ನೂ ಇಳಿಸಬೇಡಿ. ಒದ್ದೆ ಕಾರ್ಬನ್ ಮುಚ್ಚಿದ ಜಾಗದ ಗಾಳಿಯಿಂದ ಆಮ್ಲಜನಕವನ್ನು ಹೀರಿಕೊಳ್ಳುತ್ತದೆ. ವಾಸನೆ ಇರುವುದಿಲ್ಲ, ಉಸಿರು ಕಟ್ಟುವ ಮುನ್ಸೂಚನೆಯೂ ಇರುವುದಿಲ್ಲ, ಇಳಿದವರು ಅಲ್ಲೇ ಬೀಳುತ್ತಾರೆ, ಎತ್ತಲು ಹೋದವರೂ ಬೀಳುತ್ತಾರೆ. ಭಾವನಿಗೆ ನಾನು ಇದನ್ನು ಪ್ರತಿ ವರ್ಷ ಹೇಳುತ್ತೇನೆ. ಸಲಕರಣೆ, ಗಾಳಿ ಅಳೆಯುವ ಮೀಟರ್ ಇರುವ ಅನುಭವಸ್ಥರ ಕೆಲಸ ಅದು.

ಲಕ್ಷಣ: ನೀರು ಚೆನ್ನಾಗಿದೆ, ಮನೆಯವರ ಹೊಟ್ಟೆ ಸರಿಯಿಲ್ಲ

ಇಲ್ಲಿ ಫಿಲ್ಟರ್ ರಿಪೇರಿ ಆಮೇಲೆ. ಮೊದಲು ಆ ನೀರು ಕುಡಿಯುವುದನ್ನು ನಿಲ್ಲಿಸಿ. ಗುಳ್ಳೆ ಕೊತಕೊತ ಏಳುವಂತೆ ಒಂದು ನಿಮಿಷ ಕುದಿಸಿ, ಮುಚ್ಚಿಟ್ಟು, ಆರಿಸಿ ಕುಡಿಯಿರಿ. ಭೇದಿ ಎರಡು ದಿನ ನಿಲ್ಲದಿದ್ದರೆ, ಜ್ವರ ಇಳಿಯದಿದ್ದರೆ, ಕಣ್ಣು ಮೂತ್ರ ಹಳದಿಯಾದರೆ, ಮಲದಲ್ಲಿ ರಕ್ತ ಕಂಡರೆ ಆಸ್ಪತ್ರೆಗೆ ಹೋಗಿ. ಹಸುಗೂಸು, ಬಸುರಿ, ವಯಸ್ಸಾದವರಾದರೆ ಎರಡು ದಿನ ಕಾಯಬೇಡಿ. ಅಕ್ಕಪಕ್ಕದ ಎರಡು ಮೂರು ಮನೆಯಲ್ಲಿ ಒಟ್ಟಿಗೆ ಹೀಗಾದರೆ ಆರೋಗ್ಯ ಕೇಂದ್ರಕ್ಕೂ ನೀರು ಬಿಡುವ ಕಚೇರಿಗೂ ಅವತ್ತೇ ತಿಳಿಸಿ, ರಸ್ತೆ ಪೈಪ್ ಒಡೆದು ಚರಂಡಿ ನೀರು ಸೇರಿರಬಹುದು. ಭೂಕುಸಿತ, ಪ್ರವಾಹ ಆದ ಮೇಲೆಯಂತೂ, 2018ರ ಆಗಸ್ಟ್‌ನಲ್ಲಿ ನಾವೆಲ್ಲ ಕಂಡ ಹಾಗೆ, ಗುಡ್ಡ ಕುಸಿದ ಕಡೆ ಪೈಪು, ಬಾವಿ ಯಾವುದನ್ನೂ ನಂಬುವ ಹಾಗಿರುವುದಿಲ್ಲ.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ ಎಚ್‌ಟುಎಸ್ ಬಾಟಲಿಯದು. ಒಳಗೆ ಔಷಧಿ ಹಚ್ಚಿದ ಕಾಗದ ಇರುವ ಪುಟ್ಟ ಬಾಟಲಿ, ನೀರಿನಲ್ಲಿ ಕೊಳಚೆಯ ಕ್ರಿಮಿ ಇದ್ದರೆ ಕಪ್ಪಾಗುತ್ತದೆ. ಗುರುತಿನ ತನಕ ನೀರು ತುಂಬಿ, ಮುಚ್ಚಿ, ಬೆಚ್ಚಗಿನ ಜಾಗದಲ್ಲಿ 24ರಿಂದ 48 ಗಂಟೆ ಇಡಬೇಕು. ನಮ್ಮ ಜುಲೈ ಚಳಿಯಲ್ಲಿ ಕಿಟಕಿ ಪಕ್ಕ ಇಟ್ಟರೆ ಸುಳ್ಳು ಭರವಸೆ ಕೊಡುತ್ತದೆ, ಅಡುಗೆಮನೆಯಲ್ಲಿ ಒಲೆಯಿಂದ ಒಂದು ಮಾರು ದೂರ, ಕೈಗೆ ಬೆಚ್ಚಗೆ ಅನ್ನಿಸುವ ಕಡೆ ಇಡಿ. ಪಕ್ಕದ ಮನೆಯ ಚಿಕ್ಕಮ್ಮನಿಗಾಗಿ ಒಂದು ಸಲ ಮಾಡಿದ್ದೆ. ಅವರ ನೀರು ಕನ್ನಡಿಯಂತಿತ್ತು, ವಾಸನೆ ಇಲ್ಲ, ರುಚಿ ನಮ್ಮ ಮನೆಯ ನೀರಿಗಿಂತ ಚೆನ್ನ. ಮೊದಲ ರಾತ್ರಿ ಬಾಟಲಿ ಹಳದಿಯಾಗಿಯೇ ಇತ್ತು. ಮರುದಿನ ಸಂಜೆ ತಳದಲ್ಲಿ ಕಾಗದದ ಅಂಚು ಬೂದಿಯಾಯಿತು, ರಾತ್ರಿ ಊಟ ಮುಗಿಸುವಷ್ಟರಲ್ಲಿ ಇಡೀ ಬಾಟಲಿ ಕಪ್ಪು. ಅವರ ಫಿಲ್ಟರಿನಲ್ಲಿ ಕಾರ್ಬನ್ ಬಿಟ್ಟರೆ ಕ್ರಿಮಿ ತಡೆಯುವ ಯಾವ ಹಂತವೂ ಇರಲಿಲ್ಲ. ಈಗ ಕ್ರಿಮಿ ತಡೆಯುವ ಸಣ್ಣ ತೂತಿನ ಪೊರೆಯ ಯುಎಫ್ ಹಾಕಿಸಿದ್ದಾರೆ, ಮಳೆಗಾಲದಲ್ಲಿ ಕುದಿಸುತ್ತಾರೆ ಕೂಡ.

ಕಪ್ಪಾದ ಬಾಟಲಿಯಲ್ಲಿ ಬೆಳೆದ ಕ್ರಿಮಿ ತುಂಬಿರುತ್ತದೆ. ಬ್ಲೀಚಿಂಗ್ ನೀರು ಹಾಕಿ ಅರ್ಧ ಗಂಟೆ ಬಿಟ್ಟು ಕಕ್ಕಸಿಗೆ ಸುರಿಯಿರಿ, ಕೈ ತೊಳೆಯಿರಿ. ಕಪ್ಪಾಗಲಿಲ್ಲ ಅಂದರೂ ಹೊಟ್ಟೆಯ ತೊಂದರೆ ಮುಂದುವರಿದರೆ ಗ್ರಾಮೀಣ ಕುಡಿಯುವ ನೀರು ಇಲಾಖೆಯ ಜಿಲ್ಲಾ ಪ್ರಯೋಗಾಲಯಕ್ಕೆ ನೀರು ಕೊಡಿ. ಬಾಟಲಿ ಅಲ್ಲಿಂದಲೇ ತಗೊಳ್ಳಿ, ಮನೆಯ ಖಾಲಿ ಬಾಟಲಿ ಆಗುವುದಿಲ್ಲ. ಫಿಲ್ಟರಿಗೆ ಮೊದಲಿನದ್ದು ಒಂದು, ಆಮೇಲಿನದ್ದು ಒಂದು, ಎರಡನ್ನೂ ಕೊಡಿ. ಯಾವುದು ಯಾವುದು ಅಂತ ಮೇಲೆ ಬರೆದು, ಹಿಡಿದ ಗಂಟೆಯನ್ನೂ ಬರೆದು, ತಂಪಾಗಿಟ್ಟು ಅವತ್ತೇ ತಲುಪಿಸಿ.